ಓಡಿಸದೆ ಹಾಕಿದ ಚುಕ್ಕೆ

ಅಂಗಡಿಯಲ್ಲಿ ಯಾರಾದರೂ 'ಇದು ಟೆಸ್ಟ್ ಮಾಡಿಯೇ ಬಂದದ್ದು ಸಾರ್' ಎಂದರೆ ಸಾಕು, ನನಗೆ ಮೈ ಉರಿಯುತ್ತದೆ. ಯಾರು ಮಾಡಿದ್ದು, ಎಷ್ಟು ಹೊತ್ತು ಮಾಡಿದ್ದು, ನೀವು ಕಣ್ಣಾರೆ ನೋಡಿದ್ದೀರಾ ಎಂದು ಕೇಳಿ ಅವರ ತಲೆ ತಿನ್ನುತ್ತೇನೆ. ಮಿಕ್ಸಿ ಕೊಳ್ಳುವುದಕ್ಕೆ ನನ್ನನ್ನು ಕರೆದುಕೊಂಡು ಹೋಗುವುದನ್ನು ಮನೆಯವರು ಬಿಟ್ಟು ಎಷ್ಟೋ ವರ್ಷವಾಯಿತು. ವರ್ಕ್‌ಶಾಪಿನಲ್ಲಿ ಬೆಳೆದ ಮನುಷ್ಯ, ಅದಕ್ಕೇ ಇಷ್ಟು ಎಚ್ಚರಿಕೆ ಎಂದು ಹೆಂಡತಿ ನೆಂಟರ ಮುಂದೆ ಹೇಳುತ್ತಾಳೆ. ಅದು ಎಚ್ಚರಿಕೆಯಲ್ಲ, ನಾಚಿಕೆ. ಬೇರೆಯವರು ನನ್ನ ಹಾಗೆ ಮಾಡಿರಬಹುದು ಎಂಬ ಅನುಮಾನ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಪುತ್ತೂರಿನ ದರ್ಬೆಯಲ್ಲಿ ನನ್ನ ಸೋದರಮಾವನ ವರ್ಕ್‌ಶಾಪ್ ಇತ್ತು. ಮಾವ ಹರೆಯದಲ್ಲಿ ಬೊಂಬಾಯಿಗೆ ಹೋಗಿದ್ದರು. ಊರಿನವರೆಲ್ಲ ಅಲ್ಲಿ ಹೋಟೆಲು ಸೇರಿದರೆ ಇವರು ಒಂದು ಕಾರ್ಖಾನೆ ಸೇರಿದರು. ಅಲ್ಲಿ ಒಂದು ದಿನ ತಿರುಗುತ್ತಿದ್ದ ಚಕ್ರವೊಂದು ಒಡೆದು ಪಕ್ಕದಲ್ಲಿದ್ದವನ ಜೀವ ತೆಗೆದಿತ್ತು. ಇವರ ಎಡಗಿವಿಯ ಮೇಲ್ತುದಿ ಹೋಯಿತು. ಆ ಅರ್ಧ ಕಿವಿ ಹೊತ್ತುಕೊಂಡು ಊರಿಗೆ ಬಂದವರು ವರ್ಕ್‌ಶಾಪ್ ಹಾಕಿದ ವರ್ಷವೇ ಹಿತ್ತಲಿನ ಕೆಂಪುಕಲ್ಲಿನ ನೆಲದಲ್ಲಿ ಆಳವಾದ ಒಂದು ಗುಂಡಿ ತೋಡಿಸಿದರು.

ನಮ್ಮ ವರ್ಕ್‌ಶಾಪಿಗೆ ಹೆಸರು ತಂದದ್ದೇ ಆ ಗುಂಡಿ. ಆಗ ಹಿಟ್ಟಿನ ಮಿಲ್ಲು, ಮರದ ಮಿಲ್ಲು, ನೀರಿನ ಪಂಪು ಎಲ್ಲದಕ್ಕೂ ಡೀಸೆಲ್ ಎಂಜಿನ್ನೇ ಆಧಾರ. ಫ್ಲೈವೀಲು ಎನ್ನುವ ಅದರ ಭಾರದ ಚಕ್ರವೋ ಫ್ಯಾನೋ ಬಿರುಕು ಬಿಟ್ಟರೆ ಹೊಸದು ಬರುವುದಕ್ಕೆ ವಾರಗಟ್ಟಲೆ ಕಾಯಬೇಕು. ಹಾಗಾಗಿ ಕಡಬ, ಸುಳ್ಯ, ನೆಲ್ಯಾಡಿ ಕಡೆಯವರೆಲ್ಲ ಬಿರುಕು ಬಿಟ್ಟದ್ದನ್ನು ಗೋಣಿಯಲ್ಲಿ ಕಟ್ಟಿ ನಮ್ಮಲ್ಲಿಗೆ ತರುತ್ತಿದ್ದರು. ನಾವು ಬೆಸುಗೆ ಹಾಕಿ ಕೂಡಲೇ ಕೊಡುತ್ತಿರಲಿಲ್ಲ. ಗುಂಡಿಯೊಳಗಿನ ಶಾಫ್ಟಿಗೆ ಅದನ್ನು ಕೂರಿಸಿ, ಮೇಲೆ ಹಲಗೆ, ಹಲಗೆಯ ಮೇಲೆ ಮರಳಿನ ಚೀಲ ಹೇರಿ, ಗೋಡೆಯ ಆಚೆಗಿದ್ದ ಮೋಟಾರಿನಿಂದ ಬೆಲ್ಟು ಎಳೆದು ಓಡಿಸುತ್ತಿದ್ದೆವು. ಎಂಜಿನ್ನಿನಲ್ಲಿ ಅದು ಎಷ್ಟು ವೇಗದಲ್ಲಿ ತಿರುಗಬೇಕೋ ಅದಕ್ಕಿಂತ ಕಾಲು ಭಾಗ ಹೆಚ್ಚು. ಒಡೆಯುವುದಿದ್ದರೆ ಗುಂಡಿಯಲ್ಲೇ ಒಡೆಯಲಿ ಎಂಬುದು ಲೆಕ್ಕ. ಇದಕ್ಕೆ ನಾವು ಇಟ್ಟ ಹೆಸರು 'ಓಟ'.

"ನಿಂತದ್ದನ್ನು ನೋಡಿದ್ರೆ ಎಂತ ಗೊತ್ತಾಗ್ತದೆ ಮಾರಾಯ? ಓಡಿಸಿ ನೋಡ್ಬೇಕು" ಎಂದು ಮಾವ ಗಿರಾಕಿಗಳಿಗೆ ಹೇಳುತ್ತಿದ್ದರು. ನಂಬದವರಿಗೆ ಕಿವಿ ತೋರಿಸುತ್ತಿದ್ದರು.

ಓಟಕ್ಕೆ ಒಂದು ಕ್ರಮವಿತ್ತು. ಮೊದಲು ಬೆಸುಗೆಯ ಜಾಗಕ್ಕೂ ಶಾಫ್ಟು ತೂರುವ ಮಧ್ಯದ ಗುಂಬಕ್ಕೂ ಸೀಮೆಎಣ್ಣೆ ಸವರಿ ಒರೆಸುವುದು. ಅದರ ಮೇಲೆ ವೀಳ್ಯಕ್ಕೆ ಹಚ್ಚುವ ಸುಣ್ಣವನ್ನೇ ತೆಳ್ಳಗೆ ಬಳಿದು ಒಣಗಿಸುವುದು. ಆಮೇಲೆ ಓಟ. ಗೋಡೆಯಲ್ಲಿದ್ದ ದೇವರ ಪಟಕ್ಕೆ ಮಾವ ಒಂದು ಊದುಬತ್ತಿ ಹಚ್ಚುತ್ತಿದ್ದರು. ಮೋಟಾರು ಪೂರ್ತಿ ವೇಗಕ್ಕೆ ಬಂದ ಮೇಲೆ ಹಚ್ಚಬೇಕು, ಅದು ಉರಿದು ಮುಗಿಯುವವರೆಗೆ ಚಕ್ರ ತಿರುಗಬೇಕು. ನಿಲ್ಲಿಸಿ ಹಲಗೆ ಸರಿಸಿ ನೋಡಿದರೆ, ಎಲ್ಲಾದರೂ ಬಿರುಕು ಬಾಯಿಬಿಟ್ಟಿದ್ದರೆ ಒಳಗೆ ಇಳಿದಿದ್ದ ಎಣ್ಣೆ ಹೊರಗೆ ಬಂದು ಬಿಳಿಯ ಸುಣ್ಣದ ಮೇಲೆ ಕಪ್ಪು ಕೂದಲಿನಂಥ ಗೆರೆ ಮೂಡಿರುತ್ತಿತ್ತು. ಗೆರೆ ಇಲ್ಲದಿದ್ದರೆ ಸುಣ್ಣ ತೊಳೆದು, ಗುಂಬದಲ್ಲಿ ಶಾಫ್ಟಿಗೆ ಬಿಗಿಯುವ ಚಾವಿ ಕೂರುವ ಕಚ್ಚಿನ ಪಕ್ಕದಲ್ಲಿ ಉಳಿಯಿಂದ ಒಂದು ಚುಕ್ಕೆ ಹೊಡೆಯುವುದು. ಸೂಜಿಮಲ್ಲಿಗೆಯ ಮೊಗ್ಗಿನ ತುದಿಯಷ್ಟು ಚುಕ್ಕೆ. 'ಚುಕ್ಕೆ ಉಂಟಾ?' ಎಂದು ಕಡಬದ ಮಿಲ್ಲಿನವರೂ ಕೇಳುತ್ತಿದ್ದರು, ಸುಳ್ಯದ ಮರದ ಮಿಲ್ಲಿನವರೂ ಕೇಳುತ್ತಿದ್ದರು. ಆ ಚುಕ್ಕೆ ಹೊಡೆಯುವ ಅಧಿಕಾರ ಮಾವನದ್ದು. ನನಗೆ ಇಪ್ಪತ್ತಾರು ತುಂಬಿದ ವರ್ಷ ಅವರು ಉಳಿಯನ್ನು ನನ್ನ ಕೈಗೆ ಕೊಟ್ಟರು.

ಕೊಟ್ಟದ್ದೇ ಕೊಟ್ಟದ್ದು, ನನ್ನ ತಲೆಗೆ ಕೊಂಬು ಬಂತು. ಅಳಿಯನೇ ಮುಂದಿನ ಯಜಮಾನ ಎಂದು ಎಲ್ಲರಿಗೂ ಗೊತ್ತಿತ್ತು. ನನಗಂತೂ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಉಳಿಯನ್ನು ಅಂಗಿಯ ಜೇಬಿನಲ್ಲಿ ಪೆನ್ನಿನ ಹಾಗೆ ಸಿಕ್ಕಿಸಿಕೊಂಡು ದರ್ಬೆಯ ಹೋಟೆಲಿಗೆ ಚಹಾ ಕುಡಿಯಲು ಹೋಗುತ್ತಿದ್ದೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಬೇಕು ಅನ್ನಿಸುತ್ತದೆ.

ಬೆಸುಗೆ ಹಾಕುತ್ತಿದ್ದವರು ನೆಲ್ಯಾಡಿಯ ಚೇಟ. ಮಲಯಾಳದಲ್ಲಿ ಅಣ್ಣ ಎಂದರ್ಥ, ನಾವೆಲ್ಲ ಹಾಗೇ ಕರೆಯುತ್ತಿದ್ದೆವು. ಅವರ ತಂದೆ ತಾಯಿ ಕೇರಳದಿಂದ ಬಂದು ನೆಲ್ಯಾಡಿಯ ಗುಡ್ಡದಲ್ಲಿ ರಬ್ಬರ್ ಹಾಕಿದವರು. ಇವರಿಗೆ ಗುಡ್ಡಕ್ಕಿಂತ ಕಬ್ಬಿಣದ ಮೇಲೆ ಮನಸ್ಸು. ಮಾವ ವರ್ಕ್‌ಶಾಪ್ ಹಾಕಿದ ದಿನದಿಂದ ನಮ್ಮೊಟ್ಟಿಗೆ ಇದ್ದರು. ಬೀಡು ಕಬ್ಬಿಣಕ್ಕೆ ಬೆಸುಗೆ ಹಾಕುವುದು ಎಲ್ಲರಿಂದ ಆಗುವ ಕೆಲಸವಲ್ಲ. ಸ್ವಲ್ಪ ಅವಸರ ಮಾಡಿದರೆ ತಣಿಯುವಾಗ ಚಟ್ ಎಂದು ಸೀಳುತ್ತದೆ. ಚೇಟ ಮೊದಲು ತೆಂಗಿನ ಗೆರಟೆಯ ಕೆಂಡದಲ್ಲಿ ಇಡೀ ಚಕ್ರವನ್ನು ಬಿಸಿ ಮಾಡಿ, ಆಮೇಲೆ ಹಿತ್ತಾಳೆ ಕರಗಿಸಿ ಬಿರುಕು ತುಂಬಿ, ಕೊನೆಗೆ ಬೂದಿಯಲ್ಲಿ ಹೂತು ಮಾರನೆಯ ದಿನದವರೆಗೆ ಬಿಡುತ್ತಿದ್ದರು. ಆ ಬೂದಿಯ ಹತ್ತಿರ ಮಾವನೂ ಹೋಗುವಂತಿರಲಿಲ್ಲ. "ಕೂಸು ಮಲಗಿದೆ, ಎಬ್ಬಿಸ್ಬೇಡಿ" ಎನ್ನುತ್ತಿದ್ದರು.

ನಮ್ಮೊಳಗೆ ನಾವು ತುಳುವಿನಲ್ಲಿ ಮಾತನಾಡುತ್ತಿದ್ದೆವು. ಚೇಟನ ಹತ್ತಿರ ಮಾತ್ರ ಕನ್ನಡ. ಅವರಿಗೆ ತುಳು ಬರುವುದಿಲ್ಲ ಎಂದು ಯಾರೋ ಯಾವಾಗಲೋ ತೀರ್ಮಾನಿಸಿದ್ದು. ಅವರೂ ಬರುತ್ತದೆ ಎಂದು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಅದು ಏಪ್ರಿಲ್ ತಿಂಗಳು. ಕಡಬದ ಹಿಟ್ಟಿನ ಮಿಲ್ಲಿನವರು ಒಂದು ಫ್ಲೈವೀಲು ತಂದು ಹಾಕಿದ್ದರು, ಗುಂಬದಿಂದ ಅಂಚಿಗೆ ಹೋಗುವ ಅದರ ಒಂದು ಕಾಲು ಬಿರುಕು ಬಿಟ್ಟಿತ್ತು. ಆ ಮಿಲ್ಲಿನವರು ಐವತ್ತರ ಆಸುಪಾಸಿನ, ಮಾತು ಬಲ್ಲ ಮನುಷ್ಯ. ಮಿಲ್ಲಿಗೆ ಬರುವ ಹೆಂಗಸರನ್ನೆಲ್ಲ ಅಕ್ಕ ಅಕ್ಕ ಎಂದು ನಗಿಸುವವರು. ಚೇಟ ಎರಡು ದಿನ ಹಿಡಿದು ಬೆಸುಗೆ ಹಾಕಿ, ಬೂದಿಯಿಂದ ತೆಗೆದು, ತಮ್ಮದೇ ಡಬ್ಬಿಯ ಸುಣ್ಣ ಬಳಿದು ಗುಂಡಿಯಲ್ಲಿ ಕೂರಿಸಿದರು. ಅಷ್ಟು ಹೊತ್ತಿಗೆ ಕರೆಂಟಿನ ಗತಿ ನೋಡಬೇಕು! ಬಲ್ಬಿನ ಒಳಗಿನ ತಂತಿ ಕೆಂಪಗೆ ಕಾಣುತ್ತಿತ್ತು, ಅಷ್ಟೇ. ಆ ವೋಲ್ಟೇಜಿನಲ್ಲಿ ಮೋಟಾರು ಗೊಣಗುವುದಲ್ಲದೆ ವೇಗ ಹಿಡಿಯುವುದಿಲ್ಲ. ಮಾವ ಆ ದಿನ ಸುಳ್ಯಕ್ಕೆ ಎಂಜಿನ್ನೊಂದನ್ನು ನೋಡಲು ಹೋಗಿದ್ದರು.

ಮಿಲ್ಲಿನವರು ಬೆಂಚಿನ ಮೇಲೆ ಕೂತಿದ್ದರು. ಅವರ ನೆರೆಮನೆಯಲ್ಲಿ ಮರುದಿನವೇ ಮದುವೆಯ ಅಡುಗೆ ಶುರು, ರೊಟ್ಟಿಗೆ ಹಿಟ್ಟು ಆಗಬೇಕು. ಕಡಬದ ಸರ್ವಿಸ್ ಜೀಪು ಹೊರಡುವ ಹೊತ್ತು ಹತ್ತಿರ ಬಂದಿತ್ತು. ಚೇಟ ನೆಲ್ಯಾಡಿಯ ಬಸ್ಸಿಗೆ ಹೊರಟು ನಿಂತವರು ನನ್ನನ್ನು ಕರೆದರು. ನನಗೆ ಅವರು ಮಲಯಾಳದಲ್ಲಿ 'ಮೋನೆ', ಮಗನೇ, ಎನ್ನುತ್ತಿದ್ದರು.

"ಮೋನೆ, ಇವತ್ತು ಓಟ ಆಗುದಿಲ್ಲ. ನಾಳೆ ಬೆಳಿಗ್ಗೆ ಬೇಗ ಕರೆಂಟು ಸರಿ ಇರ್ತದೆ, ಆಗ ಓಡಿಸು. ಅವರು ನಾಳೆ ಕೊಂಡೋಗ್ಲಿ."

ಮಾತಿನಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ. ಆದರೆ ಅದನ್ನು ಗಿರಾಕಿಯ ಎದುರು ಹೇಳಿದರು. ಉಳಿ ನನ್ನ ಜೇಬಿನಲ್ಲಿದೆ, ಓಟ ಯಾವಾಗ ಎಂದು ಹೇಳುವುದಕ್ಕೆ ಇವರು ಯಾರು ಎಂದು ನನಗೆ ಪಿತ್ತ ನೆತ್ತಿಗೇರಿತು. ಬಾಯಲ್ಲಿ "ಆಯ್ತು ಚೇಟ" ಎಂದೆ. ಅವರು ಹೋದರು.

ಅವರು ಹೋದದ್ದೇ ಮಿಲ್ಲಿನವರು ಎದ್ದು ಹತ್ತಿರ ಬಂದರು. "ಅವನ ಮಾತು ಕೇಳಿಕೊಂಡು ನಿಮಗೆ ಕೂರಬೇಕಾ ಮಾರಾಯ್ರೆ? ನಾಳೆ ನಿಮ್ಮದೇ ವರ್ಕ್‌ಶಾಪ್. ನೀವು ನಮ್ಮ ಪೈಕಿಯವರು, ನಮ್ಮ ಕಷ್ಟ ನಿಮಗೆ ಗೊತ್ತಾಗ್ತದೆ."

ನಾನು ಉಬ್ಬಿಹೋದೆ. ಮಿಲ್ಲಿನವರು ಜೀಪನ್ನು ನಿಲ್ಲಿಸಿಕೊಳ್ಳಲು ರಸ್ತೆಗೆ ಹೋದರು. ಮೋಟಾರು ಹಾಕಿದೆ. ಅದು ಗೊಂಯ್ ಎಂದು ಗೊಣಗಿತು, ಬೆಲ್ಟು ಜಾರಿತು, ಚಕ್ರ ಗುಂಡಿಯೊಳಗೆ ಎತ್ತು ಗಾಣ ಸುತ್ತುವ ಹಾಗೆ ತಿರುಗತೊಡಗಿತು. ಬೇಕಾದ ವೇಗದ ಅರ್ಧಕ್ಕೂ ಬರಲಿಲ್ಲ. ನಾನು ಊದುಬತ್ತಿ ಹಚ್ಚಿದೆ. ಅದು ಉರಿದು ಮುಗಿಯಿತು. ಊದುಬತ್ತಿ ಉರಿದದ್ದು ಸುಳ್ಳಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟು ಹೊತ್ತಿಗೆ ರಸ್ತೆಯಿಂದ ಜೀಪಿನ ಹಾರ್ನು ಕೇಳಿಸಿತು. ಚಕ್ರ ತೆಗೆದೆ, ಉಳಿ ಇಟ್ಟು ಒಂದೇ ಪೆಟ್ಟಿಗೆ ಚುಕ್ಕೆ ಹೊಡೆದೆ, ಗೋಣಿಯಲ್ಲಿ ಸುತ್ತಿ, ಓಟ ಆಯ್ತು ಎಂದು ಹೇಳಿ ಜೀಪಿಗೆ ಹಾಕಿಸಿದೆ. ಸುಣ್ಣ ತೊಳೆಯುವುದು ನೆನಪಾಗಲೇ ಇಲ್ಲ.

ಮರುದಿನ ಬಂದ ಕೂಡಲೇ ಚೇಟ ಖಾಲಿ ಗುಂಡಿ ನೋಡಿದರು. "ಐದು ಗಂಟೆಗೆ ವೋಲ್ಟೇಜ್ ಬಂತು, ಓಡಿಸಿ ಕೊಟ್ಟೆ" ಎಂದೆ. ಅವರು ತಲೆಯಾಡಿಸಿ ಕೆಲಸಕ್ಕೆ ಕೂತರು. ನನ್ನ ಮಾತನ್ನು ಅವರು ನಂಬಿದ್ದರು, ಅನುಮಾನಿಸುವುದಕ್ಕೆ ಅವರಿಗೆ ಕಾರಣವಿರಲಿಲ್ಲ.

ಹನ್ನೊಂದು ದಿನ ಕಳೆಯಿತು. ಹನ್ನೆರಡನೆಯ ದಿನ ಬೆಳಿಗ್ಗೆ ಕಡಬದ ಜೀಪಿನವನು ಒಂದು ಗೋಣಿ ತಂದು ಅಂಗಳದಲ್ಲಿ ಹಾಕಿದ. ಮಿಲ್ಲಿನ ಚಕ್ರ ಓಡುತ್ತಿರುವಾಗಲೇ ಒಡೆದು ಮೂರು ತುಂಡಾಗಿತ್ತು. ಒಂದು ತುಂಡು ಮಣ್ಣಿನ ಗೋಡೆ ಒಡೆದು ಹೊರಗೆ ಬಿತ್ತಂತೆ. ಇನ್ನೊಂದು ಮಿಲ್ಲಿನವರ ಬಲತೋಳಿಗೆ ಬಡಿದು ಮೂಳೆ ಪುಡಿಯಾಗಿತ್ತು. ಅವರನ್ನು ಮಂಗಳೂರಿಗೆ ಕೊಂಡುಹೋಗಿದ್ದರು. ಹಿಟ್ಟಿಗೆ ಬಂದ ಹೆಂಗಸರು ಆಗಷ್ಟೇ ಹೊರಗೆ ಹೋಗಿದ್ದರಂತೆ. "ದೇವರು ದೊಡ್ಡವನು" ಎಂದು ಜೀಪಿನವನು ಹೇಳಿದ.

ಮಾವ ಇನ್ನೂ ಮನೆಯಿಂದ ಬಂದಿರಲಿಲ್ಲ. ನಾನು ಗೋಣಿಯ ಬಾಯಿ ಬಿಚ್ಚಿದೆ. ಎರಡು ತುಂಡುಗಳ ಒಡೆದ ಮುಖ ಬಡಿದು ಜಜ್ಜಿಹೋಗಿತ್ತು, ಅದರಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಮೂರನೆಯದನ್ನು ತಿರುಗಿಸಿದೆ. ಗುಂಬದ ಒಂದು ಚೂರು, ಒಂದು ಕಾಲು, ತುದಿಯಲ್ಲಿ ಅಂಚಿನ ಬಾಗು. ಕಾಲಿನ ನಡುವೆ ಚೇಟನ ಹಿತ್ತಾಳೆಯ ಬೆಸುಗೆ ಹಾಕಿದ ದಿನ ಹೇಗಿತ್ತೋ ಹಾಗೇ ಇತ್ತು. ಚಕ್ರ ಸೀಳಿದ್ದು ಗುಂಬದಲ್ಲಿ, ಚಾವಿಯ ಕಚ್ಚಿನ ಮೂಲೆಯಿಂದ. ಅಲ್ಲಿ ಒಳಗೆ ಹಳೆಯ ಬಿರುಕೊಂದು ಅಡಗಿತ್ತು. ಸೀಳಿನಲ್ಲಿ ಹಳೆಯ ಬಿರುಕಿನ ಬದಿ ಕಪ್ಪು, ಹೊಸದಾಗಿ ಒಡೆದ ಬದಿ ಹೊಳಪು. ಸರಿಯಾಗಿ ಓಡಿಸಿದ್ದರೆ ಅದು ನಮ್ಮ ಗುಂಡಿಯಲ್ಲೇ ಬಾಯಿಬಿಡುತ್ತಿತ್ತು. ಕಚ್ಚಿನ ಪಕ್ಕದಲ್ಲಿ ನನ್ನ ಚುಕ್ಕೆ ಇತ್ತು. ಬೆಸುಗೆಯ ಮೇಲೆ, ಹಿಟ್ಟಿನ ಧೂಳಿನ ಅಡಿಯಲ್ಲಿ, ಚೇಟ ಬಳಿದ ಸುಣ್ಣ ಇನ್ನೂ ಅಂಟಿಕೊಂಡಿತ್ತು.

ತೊಳೆಯದ ಸುಣ್ಣವೆಂದರೆ ಓಟ ಸರಿಯಾಗಿ ಮುಗಿದಿಲ್ಲ ಎಂದು ನಮ್ಮ ವರ್ಕ್‌ಶಾಪಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನು ಸೀಮೆಎಣ್ಣೆಯ ಬಟ್ಟೆ ತೆಗೆದುಕೊಂಡು ಒರೆಸತೊಡಗಿದೆ. ತಲೆ ಎತ್ತಿದರೆ ಚೇಟ ಬಾಗಿಲಲ್ಲಿ ನಿಂತಿದ್ದರು, ಬೆಸುಗೆಯ ನೀಲಿ ಕನ್ನಡಕ ಹಣೆಯ ಮೇಲೆ. ಅವರು ನನ್ನ ಮುಖ ನೋಡಲಿಲ್ಲ, ಬಟ್ಟೆಯನ್ನು ನೋಡಿದರು. ಆಮೇಲೆ ಒಳಗೆ ಹೋದರು.

ಆ ಕ್ಷಣದಲ್ಲಿ ಒಂದು ಮಾತು ಹೇಳಿದ್ದರೆ ಈ ಕತೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಮಾಡಿದ್ದೇನೆಂದರೆ, ಆ ಮೂರನೆಯ ತುಂಡನ್ನು ಎತ್ತಿ ಗುಂಡಿಗೆ ಇಳಿದು, ತಳದ ಮರಳನ್ನು ಕೆದಕಿ ಹೂತುಬಿಟ್ಟೆ.

ಮಾವ ಬಂದರು. ಎರಡು ತುಂಡುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೆಸುಗೆಯ ತುಂಡು ಎಲ್ಲಿ ಎಂದು ಕೇಳಿದರು. ಗೋಡೆ ಒಡೆದು ಹಾರಿದ ತುಂಡು ಅದು, ಪೊದೆಯಲ್ಲಿ ಬಿದ್ದು ಸಿಕ್ಕಿಲ್ಲವಂತೆ ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು ಎಂದರೆ ನನಗೇ ಆಶ್ಚರ್ಯವಾಯಿತು. ಮಾವ ನನ್ನ ಕಡೆ ತಿರುಗಿ ತುಳುವಿನಲ್ಲಿ ಕೇಳಿದರು: ನೀನು ಓಡಿಸಿ ಕೊಟ್ಟದ್ದು ಹೌದಾ?

"ಅಂದ್" ಎಂದೆ. ತುಳುವಿನಲ್ಲಿ ಹೌದು ಎನ್ನುವುದಕ್ಕೆ ಅಷ್ಟೇ ಸಾಕು.

ಹಾಗಾದರೆ ಬೆಸುಗೆಯೇ ಬಿಟ್ಟದ್ದು ಎಂದು ಮಾವ ತುಳುವಿನಲ್ಲೇ ತೀರ್ಮಾನ ಕೊಟ್ಟರು. ವಯಸ್ಸಾಯಿತು, ಕೈ ಮೊದಲಿನ ಹಾಗಿಲ್ಲ ಎಂದೂ ಹೇಳಿದರು. ಚೇಟ ಹತ್ತು ಅಡಿ ದೂರದಲ್ಲಿ ಗ್ಯಾಸಿನ ಕೊಳವೆ ಸುತ್ತಿಡುತ್ತಿದ್ದರು. ಮಾವ ಅವರ ಕಡೆ ತಿರುಗಿ, ಈಗ ಕನ್ನಡದಲ್ಲಿ, "ಚೇಟ, ಒಬ್ಬರ ಕೈ ಹೋಯ್ತು. ಇನ್ನು ನೀವು ಬರುದು ಬೇಡ" ಎಂದರು. ದನಿ ಜೋರಿರಲಿಲ್ಲ. ಮಾವನಿಗೆ ಅಳು ಬರುವ ಹಾಗಿತ್ತು.

ಚೇಟ ಕೊಳವೆಯನ್ನು ಮೊಳೆಗೆ ತೂಗುಹಾಕಿದರು. ಕನ್ನಡಕವನ್ನು ಒರೆಸಿ ಚೀಲಕ್ಕೆ ಹಾಕಿದರು, ಸುಣ್ಣದ ಡಬ್ಬಿ ಹಾಕಿದರು. ನನ್ನ ಪಕ್ಕದಿಂದ ಹೋಗುವಾಗ ನಿಂತು, "ಮೋನೆ, ಕೈಯಲ್ಲಿ ಸುಣ್ಣ ಉಂಟು, ತೊಳಕೋ" ಎಂದರು. ನೋಡಿಕೊಂಡೆ. ಬೆರಳುಗಳ ಸಂದಿಯಲ್ಲಿ ಬೆಳ್ಳಗೆ ಇತ್ತು.

ಆಮೇಲಿನ ವರ್ಷಗಳ ಬಗ್ಗೆ ಬರೆಯುವುದಕ್ಕೆ ಇನ್ನಷ್ಟು ನಾಚಿಕೆಯಾಗುತ್ತದೆ, ಯಾಕೆಂದರೆ ಅವು ನನಗೆ ಒಳ್ಳೆಯ ವರ್ಷಗಳು. ಮಿಲ್ಲಿನವರ ತೋಳು ಕೂಡಿತು, ಆದರೆ ವಕ್ರವಾಗಿ ಕೂಡಿತು. ಎದೆಯಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಆ ಕೈಯಲ್ಲೇ ಬಾಳೆಗೊನೆ ಹಿಡಿದುಕೊಂಡು ಒಂದು ದಿನ ವರ್ಕ್‌ಶಾಪಿಗೆ ಬಂದರು. "ನೀವು ಓಡಿಸಿ ಕೊಟ್ಟದ್ದಕ್ಕೆ ಹನ್ನೊಂದು ದಿನ ಬಂತು ಮಾರಾಯ್ರೆ. ಇಲ್ಲದಿದ್ರೆ ಮದುವೆಯ ಹಿಟ್ಟಿನ ದಿನವೇ ಹೋಗ್ತಿತ್ತು, ಅಷ್ಟು ಹೆಂಗಸರು ಇದ್ದರು" ಎಂದರು. ನಾನು ಆ ಗೊನೆಯನ್ನು ತೆಗೆದುಕೊಂಡೆ. ಹಣ್ಣಾದ ಮೇಲೆ ತಿಂದೆ ಕೂಡ.

ಓಟವನ್ನು ಮಾತ್ರ ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ಒಂದು ಊದುಬತ್ತಿಯ ಜಾಗದಲ್ಲಿ ಎರಡು, ಒಂದರ ಹಿಂದೊಂದು ಉರಿಸಿದೆ. ಅಳಿಯ ಮಾವನಿಗಿಂತ ಗಟ್ಟಿ ಎಂದು ಜನ ಹೇಳಿದರು. ಓಡಿಸಿದ ಪ್ರತಿಯೊಂದು ಚಕ್ರವೂ ಮರಳಿನಲ್ಲಿದ್ದ ಆ ತುಂಡಿನ ಮೇಲೆಯೇ ತಿರುಗುತ್ತಿತ್ತು. ಹಲಗೆ ಸರಿಸುವಾಗಲೆಲ್ಲ ನನ್ನ ಕಣ್ಣು ಸುಣ್ಣ ನೋಡುವ ಮೊದಲು ಮರಳನ್ನು ನೋಡುತ್ತಿತ್ತು. ಮಾವನಿಗೆ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. ಅವರು ಎಂಬತ್ತರ ದಶಕದ ಮೊದಲಲ್ಲಿ ಹಾಸಿಗೆ ಹಿಡಿದರು. ಆ ಸ್ಥಿತಿಯಲ್ಲಿ ಹೇಳುವುದು ಬೇಡ ಎಂದು ನನಗೆ ಅನುಕೂಲವಾದ ಕಾರಣವೊಂದು ಸಿಕ್ಕಿತು. ಅವರು ಹೋದರು, ವರ್ಕ್‌ಶಾಪ್ ನನ್ನದಾಯಿತು.

ಚೇಟನಿಗೆ ಪುತ್ತೂರಿನಲ್ಲಾಗಲಿ ಸುಳ್ಯದಲ್ಲಾಗಲಿ ಯಾರೂ ಕೆಲಸ ಕೊಡಲಿಲ್ಲ ಎಂದು ಕೇಳಿದ್ದೆ. ಊರು ಸಣ್ಣದು, ಮಾತಿಗೆ ಬಸ್ಸು ಬೇಡ. ಅವರು ಬೇರೆಯವರ ತೋಟದಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುತ್ತಿದ್ದಾರೆ ಎಂದು ನೆಲ್ಯಾಡಿಯಿಂದ ಬಂದವರು ಹೇಳುತ್ತಿದ್ದರು. ನಾನು ಕೇಳಿಸಿಕೊಂಡು ಬೇರೆ ಮಾತಿಗೆ ಹೋಗುತ್ತಿದ್ದೆ.

ಮಾವ ಹೋಗಿ ಎರಡು ಮೂರು ವರ್ಷವಾದ ಮೇಲೆ, ಸುಳ್ಯದಲ್ಲಿ ಒಂದು ಮದುವೆಯ ಊಟ. ನಮ್ಮ ಪಂಕ್ತಿಯಲ್ಲಿ ಎರಡು ಮೂರು ಮೆಕ್ಯಾನಿಕ್‌ಗಳಿದ್ದರು. ಯಾರದೋ ಮನೆಯ ನಿಶ್ಚಿತಾರ್ಥ ಮುರಿದುಬಿದ್ದ ಸುದ್ದಿ ಬಂತು. ಒಬ್ಬ ಅನ್ನ ಕಲಸುತ್ತ, "ಚೇಟನ ಬೆಸುಗೆ ಮಾರಾಯ, ಎಷ್ಟು ದಿನ ನಿಲ್ತದೆ?" ಎಂದ. ಪಂಕ್ತಿಯೆಲ್ಲ ನಕ್ಕಿತು. ಅದು ಅಷ್ಟರಲ್ಲೇ ಮಾತಿನಲ್ಲಿ ಸೇರಿಹೋಗಿತ್ತು: ಚಪ್ಪಲಿಯ ಬಾರು ಕಿತ್ತರೂ ಚೇಟನ ಬೆಸುಗೆ, ಪಾಲುದಾರರು ಜಗಳವಾಡಿದರೂ ಚೇಟನ ಬೆಸುಗೆ. ಹಾಗೆ ಹೇಳಿದವನು ಚೇಟನನ್ನು ಕಂಡವನೇ ಅಲ್ಲ. ಎಲ್ಲರೊಟ್ಟಿಗೆ ನಾನೂ ನಕ್ಕೆ. ನಕ್ಕದ್ದು ನನ್ನ ಕಿವಿಗೇ ಬಿತ್ತು. ಎಲೆ ಬಿಟ್ಟು ಎದ್ದೆ.

ಮರುದಿನ ಬೆಳಿಗ್ಗೆ ನೆಲ್ಯಾಡಿಗೆ ಹೋದೆ. ಚೇಟ ಮನೆಯ ಅಂಗಳದಲ್ಲಿ ಹಗ್ಗಕ್ಕೆ ರಬ್ಬರ್ ಶೀಟು ಹರವುತ್ತಿದ್ದರು. ತೀರಾ ಹತ್ತಿರ ಹೋಗುವವರೆಗೆ ನನ್ನ ಗುರುತು ಹತ್ತಲಿಲ್ಲ. ಕಣ್ಣಿನಲ್ಲಿ ಪೊರೆ ಬಂದಿತ್ತು. ಆಮೇಲೆ "ಮೋನೆಯಾ? ಬಾ, ಕೂತ್ಕೋ" ಎಂದರು. ನಾನು ನಿಂತೇ ಎಲ್ಲವನ್ನೂ ಹೇಳಿದೆ: ವೋಲ್ಟೇಜು, ಊದುಬತ್ತಿ, ಚುಕ್ಕೆ, ಮರಳಿನ ಅಡಿಯ ತುಂಡು. ಅವರು ಶೀಟಿನ ಸುಕ್ಕು ಬಿಡಿಸುತ್ತ ಕೇಳಿಸಿಕೊಂಡರು.

"ನೀವು ಯಾಕೆ ಮಾವನ ಹತ್ರ ಹೇಳ್ಲಿಲ್ಲ?" ಎಂದು ಕೊನೆಗೆ ಕೇಳಿದೆ. ಕೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ಸಿಟ್ಟೂ ಇತ್ತು, ತಪ್ಪು ಅವರದ್ದೂ ಉಂಟು ಎನ್ನುವ ಹಾಗೆ. ಎಂಥ ಭಂಡ ನಾನು!

"ಅವರು ನನ್ನ ಹತ್ರ ಕೇಳ್ಲಿಲ್ಲ ಅಲ್ಲವಾ? ನಿನ್ನ ಹತ್ರ ಕೇಳಿದ್ರು. ತುಳುವಲ್ಲಿ."

"ನಿಮಗೆ ತುಳು ಬರ್ತದಾ?"

"ಇಪ್ಪತ್ತು ವರ್ಷ ನಿಮ್ಮೊಟ್ಟಿಗೆ ಇದ್ದೆ ಮೋನೆ."

ಅವರು ಮುಂದಿನ ಶೀಟು ಎತ್ತಿಕೊಂಡರು. "ನನಗೆ ಗೊತ್ತಿದ್ದದ್ದನ್ನೇ ಹೇಳ್ಲಿಕ್ಕೆ ನೆಲ್ಯಾಡಿವರೆಗೆ ಬಂದಿಯಾ? ಗೊತ್ತಿಲ್ಲದವರು ಕಡಬದಲ್ಲಿದ್ದಾರೆ. ಅಲ್ಲಿಗೆ ಹೋಗು."

ಹೋದೆ. ಅದೇ ದಿನ, ಸಿಕ್ಕಿದ ಜೀಪು ಹತ್ತಿ. ಮಿಲ್ಲಿನಲ್ಲಿ ಐದಾರು ಜನ ಹಿಟ್ಟಿಗೆ ಕಾದಿದ್ದರು. ಮಿಲ್ಲಿನವರು ನನ್ನನ್ನು ಕಂಡದ್ದೇ, "ಇವರೇ ಚುಕ್ಕೆಯವರು" ಎಂದು ಅವರಿಗೆಲ್ಲ ತೋರಿಸಿದರು. ಎಡಗೈಯಲ್ಲಿ ಸ್ಟೂಲು ಎಳೆದರು. ನಾನು ಅಷ್ಟೂ ಜನರ ಎದುರೇ ಹೇಳಿದೆ: ಆ ದಿನ ಓಟ ಆಗಿರಲಿಲ್ಲ, ಚೇಟನ ಬೆಸುಗೆ ಬಿಟ್ಟಿರಲಿಲ್ಲ, ತಪ್ಪು ಪೂರ್ತಿ ನನ್ನದು.

ಮಿಲ್ಲಿನವರು ಒಂದು ಕ್ಷಣ ನನ್ನ ಮುಖ ನೋಡಿ, ಜನರ ಕಡೆ ತಿರುಗಿದರು. "ನೋಡಿ ಇವರ ಗುಣ! ಆ ಮುದುಕನಿಗೆ ಈಗ ಕಷ್ಟ ಅಂತ ಕೇಳಿರ್ಬೇಕು. ಅವನ ತಪ್ಪನ್ನು ತನ್ನ ತಲೆಗೆ ಹಾಕಿಕೊಳ್ತಾ ಇದ್ದಾರೆ."

ಇಲ್ಲ, ನಿಜ ಎಂದೆ. ಅವರು ನಕ್ಕು ನನ್ನ ಬೆನ್ನು ತಟ್ಟಿದರು. ಆಣೆ ಹಾಕಿದೆ. ಒಬ್ಬ ಮುದುಕಿ ನನಗೆ ಕೈ ಮುಗಿದಳು. ನಾನು ಇಷ್ಟು ವರ್ಷ ಕಟ್ಟಿದ ಸುಳ್ಳು ಎಷ್ಟು ಗಟ್ಟಿಯಾಗಿತ್ತೆಂದರೆ, ನಿಜ ಹೇಳಿದರೂ ಅದು ನನ್ನ ಹೆಸರಿಗೇ ಜಮೆಯಾಗುತ್ತಿತ್ತು. ಅಷ್ಟು ಅವಮಾನ ನನಗೆ ಬೈಗುಳದಿಂದಲೂ ಯಾವತ್ತೂ ಆಗಿಲ್ಲ.

ದರ್ಬೆಗೆ ವಾಪಸು ಬಂದವನು ಬಟ್ಟೆ ಬದಲಿಸದೆ ಗುಂಡಿಗೆ ಇಳಿದೆ. ತುಂಡು ಮರಳಿನಡಿಯಲ್ಲಿ ಇಟ್ಟ ಜಾಗದಲ್ಲೇ ಇತ್ತು, ತುಕ್ಕು ಹಿಡಿದು ದಪ್ಪವಾಗಿತ್ತು. ಕಾಲಿನ ನಡುವೆ ಉಗುರಿನಿಂದ ಕೆರೆದೆ. ಹಿತ್ತಾಳೆ ಹಳದಿಯಾಗಿ ಹೊಳೆಯಿತು. ಗುಂಬದ ಹತ್ತಿರ ಎಣ್ಣೆ ಹಾಕಿ ಉಜ್ಜಿದಾಗ ಚುಕ್ಕೆಯೂ ಸಿಕ್ಕಿತು.

ಮರುದಿನ ಬೆಳಿಗ್ಗೆ ಅದನ್ನು ಗೋಣಿಯಲ್ಲಿ ಹೊತ್ತುಕೊಂಡು ಕಡಬಕ್ಕೆ ಹೋಗಿ ಮಿಲ್ಲಿನವರ ಎದುರು ಇಟ್ಟೆ. ಈ ಸಲ ನಾನು ಏನೂ ಹೇಳಲಿಲ್ಲ. ಅವರು ಎಂಜಿನ್ ಬಲ್ಲ ಮನುಷ್ಯ. ಬೆಸುಗೆಯ ಮೇಲೆ ಹೆಬ್ಬೆರಳು ಆಡಿಸಿದರು. ಸೀಳಿದ ಜಾಗ ನೋಡಿದರು. ಚುಕ್ಕೆ ನೋಡಿದರು. ಆಮೇಲೆ ತಮ್ಮ ಬಲತೋಳನ್ನು ಎಡಗೈಯಿಂದ ಹಿಡಿದುಕೊಂಡು ಕೂತರು.

"ಇದು ಎಲ್ಲಿತ್ತು?"

"ನಮ್ಮ ಗುಂಡಿಯಲ್ಲಿ."

"ಇಷ್ಟು ವರ್ಷ?"

"ಹೌದು."

ಬೈಯುತ್ತಾರೆ, ಹೊಡೆಯುತ್ತಾರೆ ಎಂದು ಕಾದೆ. ಹೊಡೆದಿದ್ದರೆ ಒಳ್ಳೆಯದಿತ್ತು. ಅವರು ಒಳಗೆ ಹೋಗಿ ಒಂದು ಕಟ್ಟು ತಂತಿ ತಂದರು. ಮಿಲ್ಲಿನ ಬಾಗಿಲ ಮೇಲೆ, ಹಿಟ್ಟಿಗೆ ಬರುವವರೆಲ್ಲ ತಲೆ ಎತ್ತಿದರೆ ಕಾಣುವ ಜಾಗದಲ್ಲಿ, ಅಡ್ಡಪಟ್ಟಿಗೆ ಒಂದು ದಪ್ಪ ಮೊಳೆ ಇತ್ತು.

"ಅಲ್ಲಿ ಕಟ್ಟಬೇಕು" ಎಂದರು. "ಚೇಟನ ಬೆಸುಗೆ ಅಂದ್ರೆ ಎಂತ ಅಂತ ಎಲ್ಲರೂ ನೋಡ್ಲಿ."

ಅವರು ಎಡಗೈಯಲ್ಲಿ ತುಂಡನ್ನು ಎತ್ತಿ ನೋಡಿದರು. ಭಾರಕ್ಕೆ ಒಂದು ಕೈ ಸಾಲದು. ಬಲಗೈ ಎದೆಯವರೆಗೆ ಬಂದು ನಿಂತಿತು. ಮತ್ತೊಮ್ಮೆ ಪ್ರಯತ್ನಿಸಿದರು, ಆಗಲಿಲ್ಲ. ತುಂಡನ್ನು ನೆಲದ ಮೇಲಿಟ್ಟು ತಂತಿಯನ್ನು ನನ್ನ ಕಡೆ ಚಾಚಿದರು.

"ನೀವೇ ಕಟ್ಟಿ. ನನ್ನ ಕೈ ಅಷ್ಟು ಎತ್ತರಕ್ಕೆ ಹೋಗುದಿಲ್ಲ."

ನಾನು ಸ್ಟೂಲು ಹತ್ತಿ ಕಟ್ಟಿದೆ. ಇಳಿಯುವ ಮೊದಲು ಅವರು ಕೆಳಗಿನಿಂದ ಹೇಳಿದರು: "ಸ್ವಲ್ಪ ತಿರುಗಿಸಿ. ಚುಕ್ಕೆಯೂ ಕಾಣ್ಲಿ."